ಹಕ್ಕಲು

ಏಪ್ರಿಲ್ ಎರಡನೇ ವಾರ, ದುವಾರ್ನೆನೆ ಕೊಲ್ಲಿಯ ದಂಡೆ.
ಗಾಳಿಗೆ ಹನ್ನೊಂದು ಡಿಗ್ರಿ, ಕೊಳದ ನೀರಿಗೆ ಹದಿಮೂರು,
ಅರ್ಮೆಲ್ ಕೆರ್ಬ್ರಾಗೆ ಎಪ್ಪತ್ತೊಂದು.
ಸಾರ್ಡೀನ್ ದೋಣಿಯವನ ಮಗಳು, ಕಿಟಕಿ ತೆರೆದರೆ ಕಡಲು,
ಈಜು ಬಾರದು.
"ಈಜು ಬಂದವನು ಮುಳುಗಲು ಹೊತ್ತು ಹಿಡಿಯುತ್ತದೆ, ಅಷ್ಟೇ"
ಅನ್ನುತ್ತಿದ್ದನಂತೆ ಅಪ್ಪ, ಬಲೆ ಹೊಲಿಯುತ್ತಾ.

ಆ ಬಲೆಮನೆ ಮಾರಿ ಹಿತ್ತಲಲ್ಲಿ ಕೊಳ ತೋಡಿಸಿದ್ದಾಳೆ.
ಉದ್ದ ಎಂಟು ಮೀಟರು, ಅಗಲ ನಾಲ್ಕು, ಆಳ ಅವಳ ಎದೆಮಟ್ಟ.
ನಾನು ಟೇಪು ಹಿಡಿದು ಲೆಕ್ಕ ಹಾಕಿದೆ:
ನಲವತ್ತೈದು ಸಾವಿರ ಲೀಟರು ಚಳಿ.

ಮೇಜಿನ ಮೇಲೆ ಮೂರು ಕರಪತ್ರ,
ಮೂರರಲ್ಲೂ ಎದೆ ಸೆಟೆಸಿ ನಿಂತ ಅಂಕಿ.
ಚಿಕ್ಕಕ್ಷರಕ್ಕೆ ಕನ್ನಡಕ ಹಾಕಿಕೊಳ್ಳಿ ಎಂದೆ.
ಇಪ್ಪತ್ತಾರು ಡಿಗ್ರಿಯ ಗಾಳಿಯಲ್ಲಿ ಅಳೆದದ್ದು ಅದು,
ವಧುಪರೀಕ್ಷೆಗೆ ತೆಗೆಸಿದ ಫೋಟೋದ ಹಾಗೆ.
ನಮ್ಮ ಏಪ್ರಿಲ್ಲಿಗೆ ಆ ಮುಖದ ಪರಿಚಯವಿಲ್ಲ.
ಹದಿನೈದರಲ್ಲಿ ಏನನ್ನುತ್ತದೆ, ಅದನ್ನು ಕೇಳಿ.
ಒಂದು ಕರಪತ್ರ ಅಲ್ಲಿ ಬಾಯೇ ಬಿಡಲಿಲ್ಲ.
ಅದನ್ನು ಒಲೆಗೆ ಹಾಕಿದಳು. ಅದೂ ಒಂದು ಶಾಖ.

"ಇದರೊಳಗೆ ಬೆಂಕಿ ಎಲ್ಲಿ?"
ಬೆಂಕಿ ಇಲ್ಲ, ಮದಾಂ.
ಕೊಯ್ಲು ಮುಗಿದ ಹೊಲದಲ್ಲಿ ಬಗ್ಗಿ ಬಗ್ಗಿ
ಉದುರಿದ ಕಾಳು ಆಯುತ್ತಾರಲ್ಲ, ಹಕ್ಕಲು, ಹಾಗೆ.
ಹನ್ನೊಂದು ಡಿಗ್ರಿಯ ಬಡ ಗಾಳಿಯಲ್ಲೂ
ಯಾರೋ ಬಿಟ್ಟು ಹೋದ ಬಿಸಿ ಇರುತ್ತದೆ.
ಫ್ಯಾನು ಆಯುತ್ತದೆ, ಅನಿಲ ಒತ್ತಿ ಮೂಟೆ ಕಟ್ಟುತ್ತದೆ,
ಟೈಟಾನಿಯಂ ಸುರುಳಿಯ ಹೊಸ್ತಿಲಲ್ಲಿ ನೀರಿಗೆ ಅಳೆದು ಕೊಡುತ್ತದೆ.
ಒಂದು ಪಾಲು ಕರೆಂಟು ಕೂಲಿ, ನಾಲ್ಕು ಪಾಲು ಕಾಳು.
"ಹಿಮ ಹಿಡಿದರೆ?"
ಆಯುವವಳ ಬೆರಳು ಮರಗಟ್ಟುತ್ತದೆ.
ಸ್ವಲ್ಪ ನಿಂತು, ಕೈ ಉಜ್ಜಿಕೊಂಡು, ಮತ್ತೆ ಬಗ್ಗುತ್ತಾಳೆ.

ಎಲ್ಲಿಡುವುದು ಎಂಬುದೇ ಅರ್ಧ ದಿನದ ಜಗಳ.
ಷೆಡ್ಡಿನೊಳಗೆ, ಮಳೆ ತಾಗದ ಹಾಗೆ, ಎಂದಳು.
ತಾನು ಬಿಟ್ಟ ತಣ್ಣನೆ ಉಸಿರು ತಾನೇ ಕುಡಿದು
ಸೊರಗುತ್ತದೆ, ಎಂದೆ.
ಹೈಡ್ರೇಂಜಿಯ ಬೇಲಿಯ ಪಕ್ಕ?
ಬೇಲಿಯಾಚೆ ತಾಂಗಿಯ ಮಲಗುವ ಕೋಣೆ.
ಆತ ಆಗಲೇ ಸದ್ದಳೆಯುವ ಫೋನು ಹಿಡಿದು ನಿಂತಿದ್ದ,
ಪೆಟ್ಟಿಗೆಯನ್ನೇ ಇನ್ನೂ ಬಿಚ್ಚಿರಲಿಲ್ಲ.
ಕೊನೆಗೆ ದಕ್ಷಿಣದ ಗೋಡೆ, ಫ್ಯಾನಿನ ಬಾಯಿ ಆರ್ಟಿಚೋಕ್ ಮಡಿಯತ್ತ,
ಕಾಂಕ್ರೀಟು ಹಾಸು, ನಾಲ್ಕು ರಬ್ಬರು ಪಾದ,
ಬೆನ್ನಿಗೆ ಮೊಳದಷ್ಟು ಜಾಗ, ಮುಂದೆ ಮೂರು ಮೀಟರು ಬಯಲು.
ಫಿಲ್ಟರು ದಾಟಿದ ಮೇಲೆ, ಕ್ಲೋರಿನ್ನಿಗಿಂತ ಮೊದಲು.
ಈ ಕ್ರಮ ತಪ್ಪಿಸಿದವನೊಬ್ಬನ ಯಂತ್ರ ನಾನೇ ಬಿಚ್ಚಿದ್ದೇನೆ,
ಒಳಗೆಲ್ಲ ಹುಳುಕು ಹಲ್ಲು.

ಎರಡನೇ ದಿನ ಬೆಳಕು ಹರಿಯುವ ಮುನ್ನ ಫೋನು:
"ನಿಮ್ಮ ಯಂತ್ರ ಸೋರುತ್ತಿದೆ. ಹಾಸೆಲ್ಲ ನೀರು."
ಓಡಿದೆ. ಬಟ್ಟಲಲ್ಲಿ ಹಿಡಿದು ಕ್ಲೋರಿನ್ ಪಟ್ಟಿ ಅದ್ದಿದೆ,
ಬಣ್ಣ ತಿರುಗಲಿಲ್ಲ.
ಕೊಳದ್ದಲ್ಲ ಇದು, ದುಡಿದ ಗಾಳಿಯ ಬೆವರು.
ಬೇಡ ಅನ್ನುವಷ್ಟರಲ್ಲಿ ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡಳು.
"ಉಪ್ಪಿಲ್ಲ" ಎಂದಳು,
ಹಳೆಯ ಸಾಲವೊಂದನ್ನು ಪುಸ್ತಕದಿಂದ ಹೊಡೆದುಹಾಕಿದ ಹಾಗೆ.

ನಾಲ್ಕು ಹಗಲು, ನಾಲ್ಕು ರಾತ್ರಿ. ಅವಸರಕ್ಕೆ ಇದರಲ್ಲಿ ಗುಂಡಿ ಇಲ್ಲ.
"ರಾತ್ರಿ ಹೊದಿಕೆ ಎಳೆಯದಿದ್ದರೆ
ಆಯ್ದದ್ದೆಲ್ಲ ನಕ್ಷತ್ರಗಳ ಪಾಲು"
ಅಂತ ಚೀಟಿ ಬರೆದು ಏಣಿಯ ಹತ್ತಿರ ಅಂಟಿಸಿ ಬಂದಿದ್ದೆ.

ಐದನೆಯ ದಿನ ಬಿಲ್ಲು ಹಿಡಿದು ಹೋದೆ. ಇಪ್ಪತ್ತೇಳು.
ಬೇಲಿಯ ಮೇಲೆ ತಾಂಗಿಯ ತಲೆ.
"ಮೂವತ್ತೆಂಟು ಡೆಸಿಬೆಲ್" ಎಂದ,
ದೂರಲು ಏನೂ ಸಿಗದವನ ಬೇಸರ.
ಅರ್ಮೆಲ್ ನೀರಿನಲ್ಲಿ, ಎರಡೂ ಕೈ ಏಣಿಗೆ,
ಅವಳ ಬೆನ್ನ ಹಿಂದೆ, ಬಹು ಕೆಳಗೆ,
ಅಪ್ಪನ ಕಡಲು ಬೂದು ಬಣ್ಣದಲ್ಲಿ ಹೊರಳುತ್ತಿತ್ತು.

ನನ್ನ ಕೈಯ ಕಾಗದ ನೋಡಿ, ಸಹಿಗೆಂದು
ಬಲಗೈ ಬಿಟ್ಟಳು.
ಬಿಟ್ಟ ಕೈ ಕಾಗದದತ್ತ ಬರಲಿಲ್ಲ.
ನೀರಿನ ಮೇಲೆ ಅಂಗೈ ಚಾಚಿ ಹಾಗೇ ನಿಂತಿತು,
ತೇಲುತ್ತದೆಯೇ ಎಂದು ಅದನ್ನೇ ನೋಡುತ್ತಾ ಅವಳು.

"ಇನ್ನೊಂದು," ಎಂದಳು, "ಮುಂದಿನ ವಾರ."